ಎಚ್ಚರಿಸುವವನ ಹೊಣೆ

ರಾಮಾಯಣದಲ್ಲಿ ಮಾರೀಚನು ರಾವಣನಿಗೆ ಬುದ್ಧಿ ಹೇಳುವ ಸಂದರ್ಭ ಓದುಗರಿಗೆ ನೆನಪಿರಬಹುದು. ಕಿವಿಗೆ ಕಹಿಯಾಗಿ ಪರಿಣಾಮದಲ್ಲಿ ಹಿತವಾಗುವ ಮಾತನ್ನು ಹೇಳಬಲ್ಲವನೂ ಸಿಕ್ಕುವುದು ಕಷ್ಟ, ಕೇಳಿಸಿಕೊಳ್ಳಬಲ್ಲವನೂ ಸಿಕ್ಕುವುದು ಕಷ್ಟ ಎಂಬುದು ಅವನ ಅಳಲು. ಆ ಹಿತವಾದ ಮಾತಿಗೆ ಅಲ್ಲಿ ಬಳಕೆಯಾಗಿರುವ ಪದ ‘ಪಥ್ಯ’. ಅದು ವೈದ್ಯರ ಮನೆಯ ಪದ. ನಾಲಿಗೆಗೆ ಹಿಡಿಸದಿದ್ದರೂ ದೇಹಕ್ಕೆ ಒಗ್ಗುವ ಆಹಾರವನ್ನು ಪಥ್ಯವೆನ್ನುವಂತೆಯೇ, ಮನಸ್ಸಿಗೆ ಹಿಡಿಸದಿದ್ದರೂ ಬಾಳಿಗೆ ಒಗ್ಗುವ ಮಾತನ್ನೂ ಹಿಂದಿನವರು ಪಥ್ಯವೆಂದರು.

ಇತ್ತೀಚೆಗೆ ನನಗೆ ಈ ಪ್ರಸಂಗ ಪದೇ ಪದೇ ನೆನಪಾಗುವುದಕ್ಕೆ ಕಾರಣ, ಅದೇ ವೈದ್ಯರ ಮನೆಯಲ್ಲಿ ಮಾರೀಚನ ಮಾತಿನ ಅರ್ಧಭಾಗ ಸುಳ್ಳಾಗಿಹೋಗಿರುವುದು. ಪಥ್ಯವನ್ನು ಹೇಳುವವನು ಈಗ ದುರ್ಲಭನಲ್ಲ. ಅವನನ್ನು ಯಂತ್ರದಲ್ಲಿ ಕೂರಿಸಿದ್ದಾರೆ. ಹಗಲಿರುಳು, ದಣಿವಿಲ್ಲದೆ, ದಾಕ್ಷಿಣ್ಯವಿಲ್ಲದೆ ಅವನು ಹೇಳುತ್ತಲೇ ಇರುತ್ತಾನೆ. ಕೇಳುವವನು ಮಾತ್ರ ಹಿಂದಿಗಿಂತಲೂ ದುರ್ಲಭನಾಗಿದ್ದಾನೆ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕ ಮೊದಲಾದ ದೇಶಗಳ ಆಸ್ಪತ್ರೆಗಳಲ್ಲಿ ರೋಗಿಯ ಚರಿತ್ರೆಯೆಲ್ಲ ಈಗ ಕಂಪ್ಯೂಟರಿನಲ್ಲಿರುತ್ತದೆ. ವೈದ್ಯರು ಔಷಧಿಚೀಟಿಯನ್ನು ಬರೆಯುವುದೂ ಅದರಲ್ಲಿಯೇ. ಅವರು ಔಷಧದ ಹೆಸರನ್ನು ಒತ್ತಿದ ಕ್ಷಣದಲ್ಲಿ ಯಂತ್ರವು ರೋಗಿಯ ವಯಸ್ಸು, ತೂಕ, ಮೂತ್ರಪಿಂಡದ ಸ್ಥಿತಿ, ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳು, ಒಗ್ಗದ ಔಷಧಗಳು ಇವನ್ನೆಲ್ಲ ತಾಳೆ ನೋಡುತ್ತದೆ. ಎಲ್ಲಿಯಾದರೂ ತೊಡಕು ಕಂಡರೆ ಪರದೆಯ ಮೇಲೆ ಒಂದು ಚೌಕ ಎದ್ದು ನಿಲ್ಲುತ್ತದೆ: ಈ ಎರಡು ಔಷಧ ಸೇರಬಾರದು, ಈ ಪ್ರಮಾಣ ಹೆಚ್ಚಾಯಿತು, ಇದು ರೋಗಿಗೆ ಒಗ್ಗದು. ವೈದ್ಯರು ಬರೆದದ್ದನ್ನು ತಿದ್ದಬಹುದು. ಇಲ್ಲವೇ, ನನಗೆ ಗೊತ್ತಿದೆ ಎಂದು ಒಂದು ಗುಂಡಿಯೊತ್ತಿ ಚೌಕವನ್ನು ದಾಟಿಹೋಗಬಹುದು.

ಇಂಥ ಏರ್ಪಾಟನ್ನು ಮೊದಲು ಯೋಚಿಸಿದವರು ದುರಹಂಕಾರಿಗಳಾಗಿರಲಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ವೈದ್ಯ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಅವರು 1976ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಂತ್ರ ನೆನಪಿಸಿದಾಗ ವೈದ್ಯರು ನೂರರಲ್ಲಿ 51 ಸಂದರ್ಭಗಳಲ್ಲಿ ತಕ್ಕ ಕ್ರಮ ಕೈಗೊಂಡರು. ನೆನಪಿಸದಿದ್ದಾಗ 22ರಲ್ಲಿ ಮಾತ್ರ. ಆ ಪ್ರಬಂಧದ ಹೆಸರಿನಲ್ಲಿಯೇ, ಮನುಷ್ಯನನ್ನು ಪರಿಪೂರ್ಣನಾಗಿ ಮಾಡಲಾಗದು ಎಂಬರ್ಥದ ಮಾತೊಂದಿದೆ. ವೈದ್ಯರ ಇಂಥ ತಪ್ಪುಗಳಲ್ಲಿ ಹೆಚ್ಚಿನವು ಸೋಮಾರಿತನದಿಂದಲೋ ಅಜ್ಞಾನದಿಂದಲೋ ಆದವಲ್ಲ. ಒಂದು ತಲೆ ಒಂದು ಹೊತ್ತಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳಿಗೆ ಮಿತಿಯಿರುವುದರಿಂದ ಆದವು ಎಂಬುದು ಅವರ ನಿರ್ಣಯ. ಇದು ಕರುಣೆಯ ಮಾತು. ತಪ್ಪಿದವನನ್ನು ಬೈಯದೆ, ಅವನ ಪಕ್ಕದಲ್ಲಿ ನೆನಪಿಸುವವನೊಬ್ಬನನ್ನು ನಿಲ್ಲಿಸೋಣ ಎಂಬುದರಲ್ಲಿ ವಿವೇಕವೂ ಇದೆ.

ಆದರೆ ಗಮನಿಸಿ: ನೆನಪಿಟ್ಟುಕೊಳ್ಳುವುದಕ್ಕೆ ಮಿತಿಯಿದೆ ಎಂದು ಒಪ್ಪಿದವರು, ಕೇಳಿಸಿಕೊಳ್ಳುವುದಕ್ಕೂ ಮಿತಿಯಿದೆ ಎಂಬುದನ್ನು ಮರೆತರು. ಮುಂದಿನ ಮೂವತ್ತು ವರ್ಷಗಳಲ್ಲಿ ನೆನಪಿಸುವವನ ಬಾಯಿಗೆ ತಡೆಯೇ ಇಲ್ಲದಂತಾಯಿತು. 2006ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, ಔಷಧಗಳ ಬಗ್ಗೆ ಯಂತ್ರ ಕೊಟ್ಟ ಎಚ್ಚರಿಕೆಗಳಲ್ಲಿ ನೂರಕ್ಕೆ 49ರಿಂದ 96ರಷ್ಟನ್ನು ವೈದ್ಯರು ದಾಟಿಹೋಗುತ್ತಿದ್ದರೆಂದು ತಿಳಿಯಿತು. ಹಾಸಿಗೆಯ ಪಕ್ಕದಲ್ಲಿ ಕೂಗುವ ಯಂತ್ರಗಳದು ಇನ್ನೊಂದು ಕಥೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಐದು ತೀವ್ರನಿಗಾ ಘಟಕಗಳಲ್ಲಿ 31 ದಿನಗಳ ಕಾಲ ಎಣಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 461 ರೋಗಿಗಳ ಸಲುವಾಗಿ ಆದ ಎಚ್ಚರಿಕೆಗಳ ಸಂಖ್ಯೆ 25,58,760. ಹೃದಯದ ಲಯ ತಪ್ಪಿದೆಯೆಂದು ಕೂಗಿದ 12,671 ಸಂದರ್ಭಗಳನ್ನು ತಜ್ಞರು ಒಂದೊಂದಾಗಿ ಪರೀಕ್ಷಿಸಿದರು. ಅವುಗಳಲ್ಲಿ ನೂರಕ್ಕೆ 88.8ರಷ್ಟು ಹುಸಿ ಕೂಗುಗಳಾಗಿದ್ದವು.

ನಮ್ಮಲ್ಲಿ ಮಕ್ಕಳಿಗೆ ಹೇಳುವ, ಹುಲಿ ಬಂತೆಂದು ಕೂಗಿದ ದನಗಾಹಿ ಹುಡುಗನ ಕಥೆ ಇಲ್ಲಿ ಯಾರಿಗಾದರೂ ನೆನಪಾಗುತ್ತದೆ. ಹಾಸಿಗೆಯ ಪಕ್ಕದ ಯಂತ್ರಕ್ಕೆ ಅದು ಹೊಂದೀತು. ಔಷಧಿಚೀಟಿಯ ಯಂತ್ರಕ್ಕೆ ಪೂರ್ತಿಯಾಗಿ ಹೊಂದದು. ಆ ಹುಡುಗ ಸುಳ್ಳು ಹೇಳಿದ. ಆದುದರಿಂದ ನೀತಿಯನ್ನು ಹೇಳುವುದು ಸುಲಭವಾಯಿತು. ಈ ಯಂತ್ರ ಸುಳ್ಳು ಹೇಳುವುದಿಲ್ಲ. ಈ ಎರಡು ಔಷಧಗಳನ್ನು ಕೂಡಿಸಿದರೆ ರಕ್ತಸ್ರಾವವಾಗಬಹುದು ಎಂದರೆ, ಆಗಬಹುದು, ನಿಜ. ಎಲ್ಲಿಯೋ, ಯಾರಿಗೋ, ಎಂದೋ ಆಗಿದೆ. ಕಾಡಿನಲ್ಲಿ ಹುಲಿಯಿದೆ ಎಂಬುದು ಯಾವಾಗಲೂ ನಿಜವೇ. ಆದರೆ ದಿನಕ್ಕೆ ನೂರು ಸಲ ‘ಕಾಡಿನಲ್ಲಿ ಹುಲಿಯಿದೆ’ ಎನ್ನುವ ಹುಡುಗನನ್ನು ಊರಿನವರು ಏನು ಮಾಡಬೇಕು? ಸುಳ್ಳುಗಾರನೆಂದು ಶಿಕ್ಷಿಸುವಂತಿಲ್ಲ. ಸತ್ಯವಂತನೆಂದು ದೊಣ್ಣೆ ಹಿಡಿದು ಓಡುವಂತೆಯೂ ಇಲ್ಲ. ಪ್ರತಿಯೊಂದೂ ನಿಜವಾಗಿರುವ ನೂರು ಮಾತುಗಳು ಒಟ್ಟಾಗಿ ಕೇಳುವವನನ್ನು ಮೋಸಗೊಳಿಸಬಹುದೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಮೋಸಗೊಳಿಸಬಹುದು ಎಂಬುದಕ್ಕೆ ಒಂದು ನಿದರ್ಶನವಿದೆ.

ಅದು 2013ರ ಜುಲೈನಲ್ಲಿ, ಮೇಲೆ ಹೇಳಿದ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿಯೇ ನಡೆದ ಸಂಗತಿ. ಅಲ್ಲಿನ ವೈದ್ಯರಾದ ರಾಬರ್ಟ್ ವಾಕ್ಟರ್ ಅವರು 2015ರ ತಮ್ಮ ಪುಸ್ತಕದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ; ಬರೆಯಲು ಆಸ್ಪತ್ರೆಯೂ ಒಪ್ಪಿತು. ಈ ಧೈರ್ಯ ಸಾಮಾನ್ಯವಾದದ್ದಲ್ಲ. ಹದಿನಾರು ವರ್ಷದ ಹುಡುಗನೊಬ್ಬನಿಗೆ ನಮ್ಮಲ್ಲಿ ಸೆಪ್ಟ್ರಾನ್ ಎಂದು ಮನೆಮಾತಾಗಿರುವ ಮಾತ್ರೆಯನ್ನು ಕೊಡಬೇಕಾಗಿತ್ತು. ಅವನು ಮನೆಯಲ್ಲಿ ಎಂದಿನಿಂದಲೂ ತೆಗೆದುಕೊಳ್ಳುತ್ತಿದ್ದುದೇ. ಒಂದು ಹೊತ್ತಿಗೆ ಒಂದು ಮಾತ್ರೆ. ಹುಡುಗನ ತೂಕ 38.6 ಕಿಲೋ. ನಲವತ್ತು ಕಿಲೋಗಿಂತ ಕಡಮೆಯಿರುವವರಿಗೆ ತೂಕದ ಲೆಕ್ಕದಲ್ಲಿಯೇ ಔಷಧ ಬರೆಯಬೇಕೆಂಬುದು ಅಲ್ಲಿನ ನಿಯಮ. ವೈದ್ಯೆ ಕಿಲೋಗೆ 5 ಮಿಲಿಗ್ರಾಮಿನಂತೆ ಬರೆದರು. 193 ಮಿಲಿಗ್ರಾಂ ಆಯಿತು. ಮಾತ್ರೆಯಿರುವುದು 160ರದು. ಫಾರ್ಮಸಿಸ್ಟ್, ದಯವಿಟ್ಟು 160 ಎಂದೇ ತಿದ್ದಿ ಬರೆಯಿರಿ ಎಂದು ಹೇಳಿಕಳುಹಿಸಿದರು. ಕ್ರಮವಾದ ಮಾತು. ವೈದ್ಯೆ 160 ಎಂದು ತಿದ್ದಿದರು. ಆದರೆ ಅಳತೆಯ ಮನೆಯಲ್ಲಿ ‘ಕಿಲೋಗೆ ಇಷ್ಟು ಮಿಲಿಗ್ರಾಂ’ ಎಂಬುದು ಹಾಗೆಯೇ ಉಳಿದಿತ್ತು. ಯಂತ್ರ 160ನ್ನು 38.6ರಿಂದ ಗುಣಿಸಿತು. ಒಂದು ಮಾತ್ರೆ ಮೂವತ್ತೆಂಟೂವರೆ ಮಾತ್ರೆಯಾಯಿತು.

ಯಂತ್ರ ಸುಮ್ಮನಿತ್ತೇ? ಇಲ್ಲ. ವೈದ್ಯೆಗೆ ಎಚ್ಚರಿಕೆ ಕೊಟ್ಟಿತು, ದಾಟಿದರು. ಫಾರ್ಮಸಿಸ್ಟರಿಗೆ ಎಚ್ಚರಿಕೆ ಕೊಟ್ಟಿತು, ಅವರೂ ದಾಟಿದರು. ಆ ಆಸ್ಪತ್ರೆಯಲ್ಲಿ ತಿಂಗಳಿಗೆ ಸುಮಾರು ಮೂರೂವರೆ ಲಕ್ಷ ಔಷಧದ ಆದೇಶಗಳು. ಅವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಫಾರ್ಮಸಿಸ್ಟರ ಮುಂದೆ ಚೌಕಗಳು ಏಳುತ್ತಿದ್ದವು. ಪ್ರಮಾಣ ಒಂದು ಕೂದಲೆಳೆ ಹೆಚ್ಚಾದಾಗ ಏಳುವ ಚೌಕಕ್ಕೂ ಮೂವತ್ತೆಂಟು ಪಟ್ಟು ಹೆಚ್ಚಾದಾಗ ಏಳುವ ಚೌಕಕ್ಕೂ ನೋಟದಲ್ಲಿ ಭೇದವಿರಲಿಲ್ಲ. ಬಳಿಕ ಔಷಧ ಕಟ್ಟುವ ಯಂತ್ರಮಾನವ ಮೂವತ್ತೆಂಟೂವರೆ ಮಾತ್ರೆಗಳನ್ನು ಒಂದೂ ತಪ್ಪದಂತೆ ಎಣಿಸಿ ಕಟ್ಟಿತು. ರಾತ್ರಿ ಪಾಳಿಯ ನರ್ಸಿಗೆ ಅನುಮಾನ ಬಂತು. ಇಷ್ಟೊಂದು ಮಾತ್ರೆಯೇ? ಆಕೆ ಪೊಟ್ಟಣದ ಗೆರೆಗುರುತನ್ನು ಯಂತ್ರಕ್ಕೆ ತೋರಿಸಿದರು. ಯಂತ್ರ, ಸರಿ, ಆದೇಶದಂತೆಯೇ ಇದೆ ಎಂದಿತು. ವೈದ್ಯರು ನೋಡಿದ್ದಾರೆ, ಫಾರ್ಮಸಿ ನೋಡಿದೆ, ಯಂತ್ರ ಒಪ್ಪಿದೆ. ಹುಡುಗ ಅಷ್ಟನ್ನೂ ನುಂಗಿದ. ಕೆಲವು ಗಂಟೆಗಳ ಮೇಲೆ ಅಪಸ್ಮಾರದಂತೆ ಸೆಳೆತ ಬಂದು ಉಸಿರು ನಿಂತಿತು. ದೈವಕೃಪೆಯೆನ್ನಿ, ವೈದ್ಯರ ಶ್ರಮವೆನ್ನಿ, ಬದುಕಿಕೊಂಡ.

ಈ ಕಥೆಯಲ್ಲಿ ದುಷ್ಟರಿಲ್ಲ. ಎಲ್ಲರೂ ಓದಿದವರು, ಕೆಲಸ ಬಲ್ಲವರು. ನನಗೆ ವಿಚಾರಕ್ಕೆ ಎಡೆಯಾಗುವುದು ಅವರ ತಪ್ಪಲ್ಲ, ಯಂತ್ರದ ನಿರ್ದೋಷತ್ವ. ನ್ಯಾಯಾಲಯದಲ್ಲಿ ಅದನ್ನು ನಿಲ್ಲಿಸಿ ಕೇಳಿದರೆ, ‘ನಾನು ಹೇಳಿದೆನಲ್ಲ!’ ಎಂದೀತು. ಎರಡು ಸಲ ಹೇಳಿದೆ, ದಿನಾಂಕ ವೇಳೆ ಸಮೇತ ಬರೆದಿಟ್ಟಿದ್ದೇನೆ, ಯಾರು ಯಾವ ಗುಂಡಿಯೊತ್ತಿದರೆಂಬುದಕ್ಕೂ ಸಾಕ್ಷಿಯಿದೆ.

‘ಹೇಳಿದೆನಲ್ಲ’ ಎಂಬುದು ನಮ್ಮ ಮನೆಗಳಲ್ಲಿಯೂ ಕೇಳುವ ಮಾತು. ಮಗ ಪರೀಕ್ಷೆಯಲ್ಲಿ ಸೋತಾಗ ತಂದೆ ಅನ್ನುತ್ತಾನೆ. ಸಾಲ ಕೊಟ್ಟು ಕೈ ಸುಟ್ಟುಕೊಂಡ ತಮ್ಮನಿಗೆ ಅಣ್ಣ ಅನ್ನುತ್ತಾನೆ. ಅದರಲ್ಲಿ ಮರುಕಕ್ಕಿಂತ ಹೆಚ್ಚಾಗಿ ಸಮಾಧಾನವಿರುತ್ತದೆ: ನನ್ನ ಹೊಣೆ ತೀರಿತು ಎಂಬ ಸಮಾಧಾನ. ಎಚ್ಚರಿಕೆಯಲ್ಲಿ ಎರಡು ಜಾತಿಯಿದೆಯೆಂದು ನನಗೆ ತೋರುತ್ತದೆ. ಒಂದು, ಕೇಳುವವನು ಅಪಾಯದಿಂದ ಪಾರಾಗಲಿ ಎಂದು ಹೇಳುವುದು. ಇನ್ನೊಂದು, ಹೇಳುವವನು ಅಪವಾದದಿಂದ ಪಾರಾಗಲಿ ಎಂದು ಹೇಳುವುದು. ಮಾತು ಎರಡರಲ್ಲಿಯೂ ಒಂದೇ ಇರಬಹುದು. ಎರಡನೆಯದರಲ್ಲಿ ಭಾರ ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಸದ್ದಿಲ್ಲದೆ ದಾಟುತ್ತದೆ. ವಿದುರ ಧೃತರಾಷ್ಟ್ರನಿಗೆ ಎಷ್ಟು ಬಾರಿ ಹೇಳಲಿಲ್ಲ? ಆದರೆ ಹೇಳಿದ್ದಾಯಿತೆಂದು ಅವನು ಕೈ ತೊಳೆದುಕೊಂಡವನಲ್ಲ. ಅರಗಿನ ಮನೆಯ ವಿಷಯದಲ್ಲಿ ಯುಧಿಷ್ಠಿರನಿಗೆ ಸೂಚನೆ ಕೊಟ್ಟದ್ದಲ್ಲದೆ ಸುರಂಗ ತೋಡುವವನನ್ನೂ ಕಳುಹಿಸಿದ. ಎಚ್ಚರಿಕೆಯ ಜೊತೆಗೆ ಹೊರಬರುವ ದಾರಿಯನ್ನೂ ಕೊಟ್ಟವನು ಅವನು.

ಆಸ್ಪತ್ರೆಯ ಯಂತ್ರಕ್ಕೆ ಔಷಧಗಳ ಜ್ಞಾನವನ್ನು ತುಂಬಿಕೊಡುವ ಕಂಪನಿಗಳಿವೆ. ಯಾವುದೋ ಒಂದು ಅಪರೂಪದ ತೊಡಕನ್ನು ಪಟ್ಟಿಯಿಂದ ಬಿಟ್ಟು, ನಾಳೆ ಅದರಿಂದ ಯಾರಿಗಾದರೂ ತೊಂದರೆಯಾದರೆ ಮೊಕದ್ದಮೆ ಬಂದೀತೆಂಬ ಅಂಜಿಕೆ ಅವರಿಗೆ ಸಹಜ. ಸೇರಿಸಿದರೆ ಯಾರೂ ದೂರುವುದಿಲ್ಲ. ಇಲ್ಲಿಯೇ ನೀತಿಯ ಗಂಟು ಇರುವುದು. ಎಚ್ಚರಿಕೆಯೊಂದನ್ನು ತೆಗೆದುಹಾಕಿದ್ದರಿಂದ ಕೆಟ್ಟ ರೋಗಿಗೆ ಹೆಸರಿರುತ್ತದೆ, ಮುಖವಿರುತ್ತದೆ, ಅಳುವ ತಾಯಿಯಿರುತ್ತಾಳೆ. ಎಚ್ಚರಿಕೆಯೊಂದನ್ನು ಸೇರಿಸಿದ್ದರಿಂದ ಕೆಟ್ಟ ರೋಗಿ ಯಾರೆಂದು ಯಾರೂ ಹೇಳಲಾರರು. ನೂರು ಚೌಕಗಳ ನಡುವೆ ಮುಳುಗಿಹೋದ ಒಂದು ಚೌಕ ಅವನದು. ಸೇರಿಸಿದವನಿಗೆ ಲೆಕ್ಕವಿಲ್ಲ, ತೆಗೆದವನಿಗೆ ಮಾತ್ರ ಲೆಕ್ಕ. ಹೀಗಿರುವಾಗ ತೆಗೆಯುವ ಧೈರ್ಯ ಯಾರಿಗೆ ಬಂದೀತು?

ಒಂದು ಜೀವ ಉಳಿಯುವುದಾದರೆ ವೈದ್ಯರು ಸಾವಿರ ಸಲ ಗುಂಡಿಯೊತ್ತಲಿ, ಏನು ನಷ್ಟ? ಎಂದು ಕೇಳುವವರಿದ್ದಾರೆ. ಕೇಳುವುದಕ್ಕೆ ಇಂಪಾದ ಮಾತು. ಆದರೆ ಗುಂಡಿಯೊತ್ತುವುದರಲ್ಲಿ ವ್ಯಯವಾಗುವುದು ಬೆರಳಿನ ಶಕ್ತಿಯಲ್ಲ, ಗಮನ. ಗಮನವು ಕೆರೆಯ ನೀರಿನಂತೆ. ಒಂದು ಗದ್ದೆಗೆ ಹರಿದದ್ದು ಇನ್ನೊಂದಕ್ಕೆ ಇಲ್ಲ. ಬೇಡದ ಎಚ್ಚರಿಕೆಯ ವೆಚ್ಚವನ್ನು ಭರಿಸುವವನು ವೈದ್ಯನಲ್ಲ, ಅದನ್ನು ಕೊಟ್ಟವನೂ ಅಲ್ಲ; ಮುಂದಿನ ಹಾಸಿಗೆಯ ರೋಗಿ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2013ರಲ್ಲಿ ಹೊರಡಿಸಿದ ಪ್ರಕಟಣೆಯೊಂದರಲ್ಲಿ, 2009ರ ಜನವರಿಯಿಂದ 2012ರ ಜೂನ್‌ವರೆಗೆ ಯಂತ್ರಗಳ ಎಚ್ಚರಿಕೆಗೆ ಸಂಬಂಧಿಸಿದ 98 ಅವಘಡಗಳು ತನಗೆ ವರದಿಯಾದವೆಂದೂ ಅವುಗಳಲ್ಲಿ 80 ಸಾವುಗಳೆಂದೂ ಹೇಳಿತು. ವರದಿಯಾದವು ಮಾತ್ರ ಇಷ್ಟು.

ಹಾಗಾದರೆ ಗುಂಡಿಯೊತ್ತಿ ದಾಟುವ ಅವಕಾಶವನ್ನೇ ತೆಗೆದುಬಿಟ್ಟರೆ? ಇದನ್ನೂ ಮಾಡಿ ನೋಡಿದ್ದಾರೆ. ಫಿಲಡೆಲ್ಫಿಯಾದ ಸಂಶೋಧಕರು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎಂಬ ಔಷಧವನ್ನೂ ನಮ್ಮ ಕಥೆಯ ಅದೇ ಸೆಪ್ಟ್ರಾನ್ ಜಾತಿಯ ಔಷಧವನ್ನೂ ಒಟ್ಟಿಗೆ ಬರೆಯಹೋದರೆ ಯಂತ್ರವು ಬಾಗಿಲು ಹಾಕಿಬಿಡುವಂತೆ ಏರ್ಪಡಿಸಿದರು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯವುಂಟು, ನಿಜ. ಏರ್ಪಾಟು ಕೆಲಸವನ್ನೇನೋ ಮಾಡಿತು. ಬಾಗಿಲು ಹಾಕಿದ ಗುಂಪಿನಲ್ಲಿ ನೂರಕ್ಕೆ 57.2ರಷ್ಟು ಸಂದರ್ಭಗಳಲ್ಲಿ ವೈದ್ಯರು ಆ ಔಷಧವನ್ನು ಮತ್ತೆ ಬರೆಯದೆ ಬಿಟ್ಟರು. ಹಳೆಯ ಪದ್ಧತಿಯ ಗುಂಪಿನಲ್ಲಿ 13.5ರಷ್ಟು ಮಾತ್ರ. ಆದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಆ ಔಷಧ ನಿಜವಾಗಿಯೂ ಬೇಕಾಗಿದ್ದ ನಾಲ್ವರು ರೋಗಿಗಳಿಗೆ ಅದು ಸಿಕ್ಕುವುದು ತಡವಾಯಿತು. 2010ರಲ್ಲಿ ಪ್ರಕಟವಾದ ಈ ಪ್ರಬಂಧ ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ. ಸಾಮಾನ್ಯವಾಗಿ ಬಾಗಿಲು ಹಾಕುವವನಿಗೆ ಹೊರಗೆ ನಿಂತವರು ಕಾಣುವುದಿಲ್ಲ. ಇವರು ಬಾಗಿಲ ಹೊರಗೂ ಒಬ್ಬರನ್ನು ಕೂರಿಸಿ ಎಣಿಸಿದರು. ನಾಲ್ವರನ್ನು ಕಂಡೊಡನೆ ಬಾಗಿಲು ತೆರೆದರು.

ಎಚ್ಚರಿಕೆಯನ್ನು ಹೇಗೆ ಕೊಡಬೇಕು ಎಂಬ ಪ್ರಶ್ನೆ ಬಂದಾಗ ನನಗೆ ನೆನಪಾಗುವವರು ಹಿಂದಿನ ಕಾಲದ ಕಾಂಪೌಂಡರುಗಳು. ಇಂದಿನ ಹುಡುಗರು ಅವರನ್ನು ಕಂಡಿಲ್ಲ. ಸೀಸೆಗೆ ಅಂಟಿಸಲು ಕಾಗದದ ಪಟ್ಟಿಯನ್ನು ಹೊತ್ತುಹೊತ್ತಿನ ಅಳತೆಗೆ ಕಚ್ಚು ಹಾಕಿ ಕತ್ತರಿಸುತ್ತ, ಡಾಕ್ಟರ ಕೋಣೆಯ ಪಕ್ಕದಲ್ಲಿ ನಿಂತಿರುತ್ತಿದ್ದರು. ನಮ್ಮೂರಿನ ಡಾಕ್ಟರ ಕಾಂಪೌಂಡರು ಅಧಿಕ ಮಾತಿನವರಲ್ಲ. ಚೀಟಿ ಬಂದರೆ ಔಷಧ ಕಲಸುವರು. ಎಂದಾದರೊಮ್ಮೆ, ಆರು ತಿಂಗಳಿಗೊಂದು ಸಲವಿದ್ದೀತು, ಚೀಟಿಯನ್ನು ಹಿಡಿದು ಒಳಗೆ ಹೋಗಿ, ಸಣ್ಣಗೆ ಕೆಮ್ಮಿ, ‘ಸ್ವಾಮಿ, ಇದು ಮಗುವಿಗೆ ಅಲ್ಲವೇ?’ ಎನ್ನುವರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ಚೀಟಿ ನೋಡಿ, ಏನೋ ಹೊಡೆದುಹಾಕಿ, ಏನೋ ಬರೆದು ಹಿಂದಕ್ಕೆ ಕೊಡುವರು. ಹೊರಗೆ ಬೆಂಚಿನ ಮೇಲಿದ್ದ ನಮಗೆ ತಪ್ಪು ಏನೆಂದು ತಿಳಿಯುತ್ತಲೇ ಇರಲಿಲ್ಲ.

ಆ ಕೆಮ್ಮಿನಲ್ಲಿ ಎಷ್ಟು ಶಾಸ್ತ್ರವಿತ್ತೆಂಬುದು ಈಗ ಹೊಳೆಯುತ್ತದೆ. ಅದು ಅಪರೂಪವಾಗಿತ್ತು, ಆದುದರಿಂದ ಡಾಕ್ಟರು ತಲೆಯೆತ್ತುತ್ತಿದ್ದರು. ಔಷಧ ಕಲಸುವುದಕ್ಕೆ ಮೊದಲೇ ಬರುತ್ತಿತ್ತು, ಕಲಸಿ ಸೀಸೆಗೆ ಬಿರಡೆ ಹಾಕಿದ ಮೇಲಲ್ಲ. ತಿದ್ದಬಲ್ಲವರ ಮುಂದೆಯೇ ಬರುತ್ತಿತ್ತು. ಪ್ರಶ್ನೆಯ ರೂಪದಲ್ಲಿದ್ದುದರಿಂದ, ‘ಹೌದಪ್ಪ, ಗೊತ್ತಿದೆ, ಈ ಮಗುವಿಗೆ ಅಷ್ಟು ಬೇಕು’ ಎನ್ನುವುದಕ್ಕೂ ಅವಕಾಶವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೆಮ್ಮಿದವನು ಅಲ್ಲಿಯೇ ನಿಂತಿರುತ್ತಿದ್ದ. ಸುಮ್ಮನೆ ಕೆಮ್ಮಿದರೆ ಬೈಸಿಕೊಳ್ಳುವವನೂ ಅವನೇ, ಕೆಮ್ಮಬೇಕಾದಲ್ಲಿ ಕೆಮ್ಮದಿದ್ದರೆ ಉತ್ತರ ಹೇಳುವವನೂ ಅವನೇ. ಎರಡು ಕಡೆಯ ಅಂಜಿಕೆಯೂ ಒಬ್ಬನಲ್ಲಿ ಕೂಡಿದ್ದುದರಿಂದ ಅವನ ಕೆಮ್ಮಿಗೆ ತೂಕ ಬಂದಿತು. ಆ ಕಾಲದಲ್ಲಿ ತಪ್ಪುಗಳಾಗುತ್ತಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಬೇಕಾದಷ್ಟು ಆಗಿರಬೇಕು, ಎಣಿಸಿದವರಿಲ್ಲ ಅಷ್ಟೆ. ಒಬ್ಬ ಕಾಂಪೌಂಡರಿಗೆ ತಿಳಿದಿದ್ದ ಔಷಧಗಳೆಷ್ಟು, ಇಂದು ಇರುವ ಔಷಧಗಳೆಷ್ಟು! ಯಂತ್ರ ಬೇಕು. ಅದಕ್ಕೆ ಕೆಮ್ಮುವುದನ್ನು ಕಲಿಸುವುದು ಹೇಗೆ ಎಂಬುದೊಂದೇ ತೊಡಕು.

ಕಲಿಸಬಹುದೆಂಬುದಕ್ಕೆ ಆಧಾರಗಳಿವೆ. ಒಂದೇ ಬಗೆಯ ಜ್ಞಾನವನ್ನು ತುಂಬಿದ ಎರಡು ಆಸ್ಪತ್ರೆಗಳ ಯಂತ್ರಗಳನ್ನು 2009ರ ಅಧ್ಯಯನವೊಂದು ಹೋಲಿಸಿತು. ಒಂದರಲ್ಲಿ ಎಚ್ಚರಿಕೆಗಳನ್ನು ತೀವ್ರತೆಗೆ ತಕ್ಕಂತೆ ಮೂರು ಅಂತಸ್ತಾಗಿ ವಿಂಗಡಿಸಿದ್ದರು; ಇನ್ನೊಂದರಲ್ಲಿ ಎಲ್ಲವೂ ಒಂದೇ ದನಿ. ಮಧ್ಯಮ ತೀವ್ರತೆಯ ಎಚ್ಚರಿಕೆಗಳನ್ನು ವಿಂಗಡಿಸಿದ ಕಡೆ ನೂರಕ್ಕೆ 29ರಷ್ಟು ಮನ್ನಿಸಿದರು, ವಿಂಗಡಿಸದ ಕಡೆ 10ರಷ್ಟು. ಇದಾದ ಕೆಲವು ವರ್ಷಗಳಲ್ಲಿ ತಜ್ಞರು ಕಲೆತು, ಕಡ್ಡಾಯವಾಗಿ ತಡೆದು ಹೇಳಲೇಬೇಕಾದ ಔಷಧಜೋಡಿಗಳೆಂದು 15ನ್ನು ಗುರುತಿಸಿದರು. ತಡೆಯದೆ ಬದಿಯಲ್ಲಿ ತೋರಿಸಿದರೆ ಸಾಕೆಂದು ಇನ್ನು 33ನ್ನು ಹೆಸರಿಸಿದರು. ಈ ಎರಡನೆಯ ಪಟ್ಟಿಗೆ ಸಹಿ ಹಾಕಿದವರನ್ನು ನಾನು ಮನಸ್ಸಿನಲ್ಲಿಯೇ ನಮಸ್ಕರಿಸುತ್ತೇನೆ. ‘ಇದನ್ನು ಹೇಳಬೇಡಿ’ ಎಂದು ಹೆಸರು ಕೊಟ್ಟು ಹೇಳುವುದು ‘ಇದನ್ನೂ ಹೇಳಿ’ ಎನ್ನುವುದಕ್ಕಿಂತ ಕಷ್ಟ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿಯೂ ಸಿಬ್ಬಂದಿ ಸೇರಿ ಎಚ್ಚರಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ವಾರಕ್ಕೆ ಏಳುತ್ತಿದ್ದ ಚೌಕಗಳಲ್ಲಿ ಎಪ್ಪತ್ತು ಸಾವಿರಕ್ಕಿಂತ ಹೆಚ್ಚನ್ನು ಕಡಮೆ ಮಾಡಿದರೆಂದು 2022ರಲ್ಲಿ ಪ್ರಕಟಿಸಿದ್ದಾರೆ.

ನನಗೆ ಅತ್ಯಂತ ಪ್ರಿಯವಾದದ್ದು ಇನ್ನೊಂದು. ಚೌಕವನ್ನು ದಾಟುವಾಗ ಕಾರಣ ಬರೆಯಬೇಕೆಂದು ಕೆಲವು ಯಂತ್ರಗಳು ಕೇಳುತ್ತವೆ. ಆ ಜಾಗದಲ್ಲಿ ವೈದ್ಯರು ಸಿಟ್ಟಿನಿಂದ ಏನೇನೋ ಬರೆದಿರುತ್ತಾರೆ: ಎಷ್ಟು ಸಲ ಹೇಳಬೇಕು, ಈ ರೋಗಿಗೆ ಆ ಅಂಗವೇ ಇಲ್ಲ, ಇಂಥವು. ಬಹುಕಾಲ ಅದನ್ನು ಯಾರೂ ಓದುತ್ತಿರಲಿಲ್ಲ. ಬಾಸ್ಟನ್ ನಗರದ ಸಂಶೋಧಕರು ಆ ಬೈಗುಳಗಳನ್ನೆಲ್ಲ ಆರಿಸಿ ಓದಿದರು. 2019ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಸಿಟ್ಟು ಕಂಡ ಕಡೆ ಹುಡುಕಿದಾಗ ಎಷ್ಟೋ ಸಲ ಯಂತ್ರದಲ್ಲಿಯೇ ದೋಷವಿತ್ತು. ಎಚ್ಚರಿಕೆಗೆ ಕಿವಿಗೊಡದವನನ್ನು ಉದಾಸೀನನೆಂದು ತೀರ್ಮಾನಿಸುವುದಕ್ಕೆ ಮೊದಲು, ಅವನೂ ಏನನ್ನೋ ಎಚ್ಚರಿಸುತ್ತಿರಬಹುದು ಎಂದು ಯೋಚಿಸಿದರು. ಕಾಂಪೌಂಡರ ಕೆಮ್ಮಿಗೆ ಡಾಕ್ಟರ ಉತ್ತರವೂ ಕೇಳಿಸಿತು ಎಂದಂತಾಯಿತು.

ಇದೆಲ್ಲ ದೂರದೇಶದ ಮಾತೆಂದು ಸುಮ್ಮನಿರುವಂತಿಲ್ಲ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾಗಿದೆ. ನಮ್ಮ ಚೀಟಿಗಳೂ ನಿಧಾನವಾಗಿ ಪರದೆಗೆ ಏರುತ್ತಿವೆ. ಅಮೆರಿಕದ ಆಸ್ಪತ್ರೆಗಳ ತಂತ್ರಾಂಶದಲ್ಲಿ ಒಂದಷ್ಟನ್ನು ಬರೆಯುತ್ತಿರುವವರು ಬೆಂಗಳೂರಿನ ನಮ್ಮ ಮಕ್ಕಳೇ. ಬೇರೆ ಬೇರೆ ದೇಶಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ವೇಳೆಯನ್ನು ಹೋಲಿಸಿದ 2017ರ ಅಧ್ಯಯನವೊಂದರಲ್ಲಿ ಸ್ವೀಡನ್ನಿನ ಲೆಕ್ಕ 22.5 ನಿಮಿಷ, ಬಾಂಗ್ಲಾದೇಶದ್ದು 48 ಸೆಕೆಂಡು. ಭಾರತದ್ದು ಎರಡು ನಿಮಿಷದ ಆಸುಪಾಸು. ಇಪ್ಪತ್ತೆರಡು ನಿಮಿಷದಲ್ಲಿ ನಾಲ್ಕು ಚೌಕ ಎದ್ದರೆ ಕಿರಿಕಿರಿ. ಎರಡು ನಿಮಿಷದಲ್ಲಿ ನಾಲ್ಕು ಚೌಕ ಎದ್ದರೆ, ರೋಗಿಯ ಮುಖ ನೋಡುವುದಕ್ಕೆ ಉಳಿಯುವುದೇನು?

ನಮ್ಮ ಆಸ್ಪತ್ರೆಗಳ ಆಡಳಿತದವರು ಇಂಥ ಯಂತ್ರವನ್ನು ಕೊಳ್ಳಲು ಕುಳಿತಾಗ, ಇದು ಎಷ್ಟು ಬಗೆಯ ಎಚ್ಚರಿಕೆ ಕೊಡುತ್ತದೆ ಎಂದು ಮಾರುವವನನ್ನು ಕೇಳುವುದು ಸಹಜ. ಅವನು ದೊಡ್ಡ ಸಂಖ್ಯೆಯನ್ನು ಹೇಳುತ್ತಾನೆ, ಇವರು ಮೆಚ್ಚಿಕೊಳ್ಳುತ್ತಾರೆ. ಆ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರಾದರೂ ಇನ್ನು ಕೆಲವು ಪ್ರಶ್ನೆಗಳನ್ನು ಕೇಳಲಿ ಎಂದು ನನ್ನ ಆಸೆ. ಒಂದು ವರ್ಷದ ಮೇಲೆ ಇವುಗಳಲ್ಲಿ ಎಷ್ಟನ್ನು ತೆಗೆಯುವಿರಿ? ತೆಗೆಯುವುದೆಂದು ತೀರ್ಮಾನಿಸುವವರು ಯಾರು, ಅವರ ಹೆಸರೇನು? ವೈದ್ಯರು ಕಾರಣದ ಜಾಗದಲ್ಲಿ ಬರೆದದ್ದನ್ನು ಓದುವುದಕ್ಕೆ ಸಂಬಳ ಕೊಟ್ಟು ಯಾರನ್ನು ಇಟ್ಟಿದ್ದೀರಿ?